ಹುತ್ತದ ಅಣಬೆ ಯಾವ ಕುಟುಂಬದ್ದು?

ಅಣಬೆಗೆ ನಮ್ಮ ಕೊಡಗಿನಲ್ಲಿ ಕುಮ್ಮ್ ಎನ್ನುತ್ತಾರೆ. ಮಳೆ ಶುರುವಾದ ಮೇಲೆ ಕಾಫಿ ತೋಟದ ಹುತ್ತಗಳ ಹತ್ತಿರ ಎದ್ದರೆ ನೇರ ಅಡುಗೆ ಮನೆಗೇ ಹೋಗುತ್ತದೆ. ವಿಜ್ಞಾನದ ಲೆಕ್ಕದಲ್ಲಿ ಇದು ಯಾರ ಪೈಕಿ ಅಂತ ನನಗೆ ತಿಳಿಯಬೇಕಿತ್ತು.

ಅದಕ್ಕೆ ಸುಮ್ನೆ ಕಿತ್ತರೆ ಸಾಲದು. ಸುತ್ತಲಿನ ಮಣ್ಣನ್ನು ನಿಧಾನವಾಗಿ ಬಿಡಿಸುತ್ತಾ ಹೋದೆ. ಕಾಂಡ ನೆಲದೊಳಗೂ ಬೇರಿನ ಹಾಗೆ ಉದ್ದಕ್ಕೆ ಇಳಿದು, ಗೆದ್ದಲು ಅಣಬೆ ಬೆಳೆಸುವ ಗೂಡನ್ನು ಮುಟ್ಟುತ್ತದೆ. ಗೆದ್ದಲು ಒಣ ಎಲೆ, ಕಡ್ಡಿ ತಿಂದು ಹಾಕಿದ ಹಿಕ್ಕೆಯಿಂದ ಕಟ್ಟಿದ ಗೂಡು ಅದು. ಟೋಪಿಯ ನಡುವೆ ಗಟ್ಟಿಯಾದ ಮೊನೆ ಇರುತ್ತದೆ. ಮಣ್ಣು ಸೀಳಿ ಮೇಲೆ ಬರಲು ಅದೇ ಆಸರೆ. ಇಷ್ಟು ಕಂಡರೆ ಇದು ಟರ್ಮಿಟೊಮೈಸಿಸ್ ಕುಲ (ಕುಟುಂಬದೊಳಗಿನ ಚಿಕ್ಕ ಗುಂಪು) ಎಂದು ಹೇಳಬಹುದು. ಫ್ರಾನ್ಸಿನ ಅಣಬೆ ವಿಜ್ಞಾನಿ ರೋಜೆ ಹೈಮ್ 1942ರಲ್ಲಿ ಇಟ್ಟ ಹೆಸರು ಇದು.

ಆಮೇಲೆ ಬೀಜಕದ ಬಣ್ಣ. ಬೀಜಕ ಅಂದರೆ ಅಣಬೆಯ ಬೀಜದಂಥ ಸಣ್ಣ ಪುಡಿ. ಕಾಂಡ ಕತ್ತರಿಸಿ, ಟೋಪಿಯನ್ನು ಅಡಿಭಾಗ ಕೆಳಗಾಗುವಂತೆ ಗಾಜಿನ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿ ಬಿಟ್ಟೆ. ನಮ್ಮ ಮಳೆಗಾಲಕ್ಕೆ ಕಾಗದ ಆಗಿಬರುವುದಿಲ್ಲ, ತೇವ ಹಿಡಿದು ಗುರುತು ಕದಡಿಹೋಗುತ್ತದೆ. ಬೆಳಿಗ್ಗೆ ಗಾಜಿನ ಮೇಲೆ ತಿಳಿ ಗುಲಾಬಿ ಪುಡಿ! ಅಂಗಡಿಯಿಂದ ತಂದ ಹಾಲು ಅಣಬೆಯನ್ನೂ ಹಾಗೇ ಇಟ್ಟೆ. ಅದರದ್ದು ಬಿಳಿ.

ಬಣ್ಣ ಬೇರೆ, ಬೆಳೆಯುವ ಜಾಗ ಬೇರೆ. ಆದರೂ ಎರಡೂ ಒಂದೇ ಕುಟುಂಬ, ಲಯೋಫಿಲೇಸಿ. ನನಗೆ ತುಂಬಾ ಇಷ್ಟವಾದ ಸಂಗತಿ ಇದೇ. ಹಾಲು ಅಣಬೆ, ಅಂದರೆ ಕ್ಯಾಲೊಸೈಬ್ ಇಂಡಿಕಾ, ಪಶ್ಚಿಮ ಬಂಗಾಳದಲ್ಲಿ ಸಿಕ್ಕಿ 1974ರಲ್ಲಿ ಹೆಸರು ಪಡೆದದ್ದು. ಹುತ್ತದ ಅಣಬೆಯನ್ನು ಹಿಂದೆ ಟ್ರೈಕೊಲೊಮಟೇಸಿ ಎಂಬ ದೊಡ್ಡ ಕುಟುಂಬದಲ್ಲಿ ಸೇರಿಸಿದ್ದರು. ಎಲ್ಲಿಗೂ ಸರಿಹೋಗದ ಎಷ್ಟೋ ಅಣಬೆಗಳನ್ನು ಅಲ್ಲೇ ತುಂಬಿದ್ದರು. 2000ದ ನಂತರದ ಡಿಎನ್‌ಎ ಅಧ್ಯಯನಗಳು ಹುತ್ತದ ಅಣಬೆಯನ್ನು ಲಯೋಫಿಲೇಸಿಗೆ ತಂದವು. ಕುಲದ ತನಕ ಕಣ್ಣು, ಗಾಜು, ತಾಳ್ಮೆ ಸಾಕು. ಕುಟುಂಬಕ್ಕೆ ಡಿಎನ್‌ಎ ಮಾತನ್ನೇ ನಂಬಬೇಕು ಅನ್ನುವುದು ನನ್ನ ಅಭಿಪ್ರಾಯ.

ಪ್ರಭೇದ ಗುರುತಿಸುವುದು ಇನ್ನೂ ಕಷ್ಟ. ತೀರಾ ಪುಟ್ಟದಾಗಿ ಗುಂಪು ಗುಂಪಾಗಿ ಏಳುವ ಟರ್ಮಿಟೊಮೈಸಿಸ್ ಮೈಕ್ರೊಕಾರ್ಪಸ್ ಎಂಬ ಪ್ರಭೇದ ಮಾತ್ರ ಬೇಗ ತಿಳಿಯುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕುಟುಂಬ ಗೊತ್ತಾಯಿತು ಅಂತ ಯಾವ ಅಣಬೆಯನ್ನೂ ತಿನ್ನಬೇಡಿ. ಹುಲ್ಲಿನಲ್ಲಿ ಏಳುವ ಕ್ಲೋರೊಫಿಲಮ್ ಮೋಲಿಬ್ಡೈಟಿಸ್ ಎಂಬ ಬಿಳಿ ಕೊಡೆ ನೋಡಲು ಚೆಂದ, ತಿಂದರೆ ವಾಂತಿ ಭೇದಿ. ಅದರ ಬೀಜಕ ಹಸಿರು. ಸಂಶಯ ಬಂದ ಟೋಪಿಯನ್ನು ಗಾಜಿನ ಮೇಲಿಡಿ, ಹಸಿರು ಬಿದ್ದರೆ ಎಸೆದುಬಿಡಿ. ಬೇರೆ ಬಣ್ಣ ಬಿದ್ದರೂ, ಬಲ್ಲವರಿಗೆ ತೋರಿಸದೆ ಒಲೆಗೆ ಇಡಬೇಡಿ.