ಡಿಸ್ಕ್ ಕೊಳ್ಳದೆ ಸೆಫ್‌ನಲ್ಲಿ ಜಾಗ ಮಾಡಿಕೊಂಡದ್ದು: ನನ್ನ ಅನುಭವ

"ಸುಮ್ನೆ ಹೊಸ ಡಿಸ್ಕ್ ಹಾಕಿ ಮಾರಾಯ್ರೆ, ಕಂಪ್ರೆಷನ್ ಎಲ್ಲ ಆಗುವ ಮಾತಲ್ಲ" ಎಂದಿದ್ದರು ವೆಂಡರ್. ಕೊಟೇಶನ್ ಸುಮಾರು 6 ಲಕ್ಷ. ಧಣಿಗಳು ನನ್ನ ಮುಖ ನೋಡಿದರು.

ಮಂಗಳೂರಿನ ಬೆಂದೂರ್‌ವೆಲ್‌ನಲ್ಲಿ ನಮ್ಮದು ಹಳೆ ದಾಖಲೆ ಸ್ಕ್ಯಾನ್ ಮಾಡುವ ಆಫೀಸು. ಫೈಲುಗಳಿರುವುದು ಸೆಫ್‌ನಲ್ಲಿ, ಅಂದರೆ ಹಲವು ಸರ್ವರ್‌ಗಳ ಡಿಸ್ಕ್ ಸೇರಿಸಿ ಒಂದೇ ಸಂಗ್ರಹ ಮಾಡುವ ಸಾಫ್ಟ್‌ವೇರ್: 5 ನೋಡ್ (ಸರ್ವರ್), 30 ಡಿಸ್ಕ್, ಪ್ರತಿ ಡೇಟಾಕ್ಕೂ ಮೂರು ಕಾಪಿ. 82% ತುಂಬಿತ್ತು. 85ಕ್ಕೆ ನಿಯರ್‌ಫುಲ್ (ತುಂಬುತ್ತಾ ಬಂತು) ಅಂತ ಬೊಬ್ಬೆ ಶುರು, ಗೊತ್ತುಂಟಲ್ವಾ. ಒಳಗಿರುವುದೆಲ್ಲ ಟಿಫ್ ಚಿತ್ರಗಳು, ಮುಕ್ಕಾಲು ಪಾಲು ಬಿಳಿ ಹಾಳೆ.

ಆ ಫೈಲುಗಳಿರುವ ಪೂಲ್‌ಗೆ (ಸೆಫ್‌ನೊಳಗಿನ ಒಂದು ವಿಭಾಗ) ಝೆಡ್‌ಸ್ಟ್ಯಾಂಡರ್ಡ್ ಎಂಬ ಕಂಪ್ರೆಷನ್ ವಿಧಾನ, ಮೋಡ್ ಅಗ್ರೆಸಿವ್ ಹಾಕಿದೆ. ಎರಡು ವಾರ ಕಾದೆ. ಕಂಪ್ರೆಷನ್ ಹೊಸ ಬರಹಕ್ಕೆ ಮಾತ್ರ, ಹಳೆಯದು ಕುಗ್ಗುವುದಿಲ್ಲ, ಸರಿ. ಆದರೆ ಹೊಸದೂ ಸೊನ್ನೆ! ರಿಕ್ವೈರ್ಡ್ ರೇಶಿಯೊ (ಕುಗ್ಗಿದ ಗಾತ್ರ ಮೂಲದ ಇಷ್ಟು ಪಾಲಿನೊಳಗೆ ಇದ್ದರೆ ಮಾತ್ರ ಒಪ್ಪುವ ಮಿತಿ) 0.875ರಿಂದ 0.95ಕ್ಕೆ ಏರಿಸಿದೆ. ಅದೂ ದಂಡ. ಕೊನೆಗೆ ಪರ್ಫ್ ಡಂಪ್ (ಸೆಫ್‌ನ ಒಳಗಿನ ಅಂಕಿಅಂಶ) ನೋಡಿದರೆ ರಿಜೆಕ್ಟೆಡ್ ಕೌಂಟ್, ಅಂದರೆ ಕುಗ್ಗಿಸಿ ಲಾಭವಿಲ್ಲವೆಂದು ಕೈಬಿಟ್ಟ ಲೆಕ್ಕ, ಮಾತ್ರ ಏರುತ್ತಾ ಇತ್ತು.

ನಮ್ಮ ಓಎಸ್‌ಡಿಗಳು (ಡಿಸ್ಕಿಗೊಂದರಂತೆ ಇರುವ ಸೆಫ್‌ನ ಘಟಕ) ಹಳೆ ನಾಟಿಲಸ್ ಆವೃತ್ತಿಯ ಕಾಲದವು, ಅಲೊಕೇಶನ್ (ಒಮ್ಮೆಗೆ ಕೊಡುವ ಕನಿಷ್ಠ ಜಾಗ) 64 ಕೆಬಿ. ಆಮೇಲಿನ ಪೆಸಿಫಿಕ್ ಆವೃತ್ತಿಗೆ ಅಪ್‌ಗ್ರೇಡ್ ಮಾಡಿದರೂ 4 ಕೆಬಿ ಸಿಗುವುದು ಹೊಸದಾಗಿ ಕಟ್ಟಿದ ಓಎಸ್‌ಡಿಗೆ ಮಾತ್ರ. ಹಾರ್ಡ್‌ಡಿಸ್ಕಿಗೆ ಕಂಪ್ರೆಸ್ ಮಾಡುವ ತುಂಡೂ ಈಗ 64 ಕೆಬಿಯೇ. ಅದನ್ನು 20 ಕೆಬಿಗೆ ಕುಗ್ಗಿಸಿದರೂ ಡಿಸ್ಕಿನಲ್ಲಿ ಕೂರಲು 64 ಬೇಕು. ಒಂದು ಸೇರು ಅಕ್ಕಿಗೂ ಇಡೀ ಮುಡಿ ಕಟ್ಟಿದ ಹಾಗೆ.

ಹಾಗಾಗಿ ಒಂದೊಂದೇ ಓಎಸ್‌ಡಿ ಅಳಿಸಿ ಮತ್ತೆ ಕಟ್ಟಿದೆ. ಬ್ಯಾಕ್‌ಫಿಲ್ (ಬೇರೆ ಕಾಪಿಗಳಿಂದ ಡೇಟಾ ಮತ್ತೆ ತುಂಬುವುದು) ಅಂದರೆ ಹೊಸ ಬರಹವೇ ಅಲ್ವಾ, ಹಳೆ ಡೇಟಾ ಕೂಡ ದಾರಿಯಲ್ಲೇ ಕುಗ್ಗಿತು! ಫೈಲ್ ಕಾಪಿ ಮಾಡುವ ರಗಳೆಯೇ ಬರಲಿಲ್ಲ. ಡಿಸ್ಕಿಗೆ 12-14 ಗಂಟೆ, ಒಟ್ಟು ಒಂದೂವರೆ ತಿಂಗಳು.

ಆದರೆ ಜೂನ್ ಮಳೆ. ಒಂದು ರಾತ್ರಿ ಕರೆಂಟ್ ಹೋಗಿ ಬಂದಾಗ ಬೇರೆ ನೋಡಿನ ಡಿಸ್ಕೊಂದು ಸತ್ತಿತ್ತು. ಕೆಲವು ಪಿಜಿಗಳಲ್ಲಿ (ಡೇಟಾದ ಗುಂಪುಗಳಲ್ಲಿ) ಉಳಿದದ್ದು ಒಂದೇ ಕಾಪಿ, ಮಿನ್ ಸೈಜ್ (ಕೆಲಸ ನಡೆಯಲು ಬೇಕಾದ ಕನಿಷ್ಠ ಕಾಪಿ) 2. ಆಫೀಸಿನ ಕೆಲಸ ಅಲ್ಲಿಗೇ ನಿಂತಿತು. ಬೆಳಗಿನ ತನಕ ರಿಕವರಿ ನೋಡುತ್ತಾ ಕೂತೆ. ಆಮೇಲೆ ಡಿಸ್ಕ್ ಸತ್ತರೆ ಇರಲೆಂದು ಎರಡು ಸ್ಪೇರ್ ಡಿಸ್ಕ್, ಯುಪಿಎಸ್‌ಗೆ ಬ್ಯಾಟರಿ ತಂದೆ. ಒಟ್ಟು 60 ಸಾವಿರದ ಹತ್ತಿರ. ಖರ್ಚು ಅಷ್ಟೇ.

ನಡುವೆ ಸಿಸಿಟಿವಿ ಪೂಲ್ ಮೇಲೂ ಕೈ ಹಾಕಿದೆ. ವಿಡಿಯೊ ಮೊದಲೇ ಹಿಂಡಿದ್ದು, ಸಿಪಿಯು ಬಿಸಿಯಾದದ್ದೇ ಬಂತು. ತೆಗೆದೆ. ಝೆಡ್‌ಲಿಬ್‌ ಎಂಬ ಇನ್ನೊಂದು ಕಂಪ್ರೆಷನ್ ವಿಧಾನ ಕೂಡ ನೋಡಿದೆ, ನಿಧಾನ.

ಈಗ ತುಂಬಿದ್ದು 50%ರ ಆಸುಪಾಸು ಉಂಟು. ಹಗಲು-ರಾತ್ರಿ ಬ್ಯಾಕ್‌ಫಿಲ್ ವೇಗ ಬದಲಿಸಲು ಬರೆದ ಸ್ಕ್ರಿಪ್ಟ್ ಮಾತ್ರ ಇಲ್ಲಿ ಹಾಕುವುದಿಲ್ಲ. ಮೊನ್ನೆ ಅದೇ ವೆಂಡರ್ ಫೋನ್ ಮಾಡಿ ಕೇಳಿದರು. 64ರ ಸಂಗತಿ ಹೇಳಿದೆ, ಸ್ಕ್ರಿಪ್ಟ್ ಕೊಡಲಿಲ್ಲ.