ಮನೆಯಲ್ಲಿ ಕನ್ನಡ ಓದಿಸುವಾಗ ಬಹುಮಾನ ಮತ್ತು ಶಿಕ್ಷೆ

ಡೊಂಬಿವಲಿಯಲ್ಲಿ ಬೆಳೆಯುತ್ತಿರುವ ನನ್ನ ಮಗಳಿಗೆ ಶಾಲೆಯಲ್ಲಿ ಇಂಗ್ಲಿಷ್, ಆಟದ ಗೆಳತಿಯರೊಡನೆ ಮರಾಠಿ ಮತ್ತು ಹಿಂದಿ. ಕನ್ನಡ ಅಕ್ಷರ ಕಲಿಸುವ ಹೊಣೆ ಪೂರ್ತಿಯಾಗಿ ಮನೆಯದು. ಇಂಥದೇ ಹೊಣೆ ಹೊತ್ತ ಮುಂಬಯಿಯ ತಂದೆತಾಯಂದಿರಿಗಾಗಿ, ಕ್ರಿಯಾಜನ್ಯ ಅನುಬಂಧನದ (ಸಿಗುವ ಫಲಕ್ಕೆ ತಕ್ಕಂತೆ ವರ್ತನೆ ಹೆಚ್ಚುವ ಇಲ್ಲವೇ ಕುಗ್ಗುವ ಕಲಿಕೆಯ) ತತ್ವಗಳನ್ನು ಈ ಒಂದು ಕೆಲಸಕ್ಕೆ ಬಳಸುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

1898ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದಾಗ, ಬಾಗಿಲು ತೆರೆಯಲು ನೆರವಾದ ಚಲನೆ ಮಾತ್ರ ಉಳಿದು ಮಿಕ್ಕ ಒದ್ದಾಟಗಳು ಕ್ರಮೇಣ ಬಿಟ್ಟುಹೋದವು. ಇದನ್ನೇ ಮುಂದುವರಿಸಿದ ಬಿ. ಎಫ್. ಸ್ಕಿನ್ನರ್, ವರ್ತನೆಯೊಂದನ್ನು ಹೆಚ್ಚಿಸುವ ಫಲವನ್ನು ಪುನರ್ಬಲನವೆಂದು ಕರೆದರು. ನಾವು ಬಹುಮಾನವೆಂದುಕೊಂಡು ಕೊಟ್ಟ ವಸ್ತುವಿನಿಂದ ಓದು ಹೆಚ್ಚದಿದ್ದರೆ ಅದು ಪುನರ್ಬಲನವೇ ಅಲ್ಲ.

ಆದ್ದರಿಂದ ಮೊದಲು ಗುರಿಯನ್ನು ಕಿರಿದು ಮಾಡಿಕೊಳ್ಳಿ. ‘ಚೆನ್ನಾಗಿ ಕನ್ನಡ ಓದಬೇಕು’ ಎನ್ನುವುದು ಮಗುವಿಗೆ ಹಿಡಿತಕ್ಕೆ ಸಿಗುವ ಗುರಿಯಲ್ಲ. ‘ಕಾಗುಣಿತದ ಒಂದು ಸಾಲು’ ಸಿಗುತ್ತದೆ. ಆ ಸಾಲು ಮುಗಿದ ಕೂಡಲೇ ಕೆಳಗೆ ಆಡಲು ಕಳುಹಿಸಿ. ಭಾನುವಾರ ಜುಹೂ ಚೌಪಾಟಿಗೆ ಕರೆದೊಯ್ಯುವ ಭರವಸೆ ಮಂಗಳವಾರದ ಓದಿಗೆ ತೀರಾ ದೂರದ ಫಲ. ಮೊದಲ ದಿನಗಳಲ್ಲಿ ಪ್ರತಿ ಸಲವೂ ಫಲ ಸಿಗಲಿ. ಓದು ನೆಲೆಗೊಂಡ ಮೇಲೆ ಆಗೊಮ್ಮೆ ಈಗೊಮ್ಮೆ ಕೊಟ್ಟರೆ ಅಭ್ಯಾಸ ಇನ್ನೂ ಗಟ್ಟಿಯಾಗುತ್ತದೆ. ಒತ್ತಕ್ಷರಗಳಿಗೆ ಅವಸರಪಡಬೇಡಿ.

ನಾನು ಎಡವಿದ್ದು ಇನ್ನೊಂದು ಕಡೆ. ರಾತ್ರಿ ಲೋಕಲ್ ಇಳಿದು ದಣಿದು ಬಂದು ಪುಸ್ತಕ ತೆರೆದರೆ ಮಗಳು ಅಳುತ್ತಿದ್ದಳು. ನಾನು ಮೊಬೈಲ್ ಕೊಡುತ್ತಿದ್ದೆ. ಅಳುವಿಗೆ ಮೊಬೈಲ್ ಸಿಕ್ಕಿದ್ದರಿಂದ ಅವಳ ಅಳು ಬಲಗೊಂಡಿತು. ಮೊಬೈಲ್ ಕೊಟ್ಟೊಡನೆ ಅಳು ನಿಂತದ್ದರಿಂದ ನನ್ನ ಕೊಡುವ ಚಾಳಿಯೂ ಬಲಗೊಂಡಿತು. ಹೀಗೆ ಕಿರಿಕಿರಿ ತೊಲಗುವುದರಿಂದ ವರ್ತನೆ ಹೆಚ್ಚುವುದೇ ಋಣಾತ್ಮಕ ಪುನರ್ಬಲನ; ಅನೇಕರು ತಿಳಿದಂತೆ ಅದು ಶಿಕ್ಷೆಯಲ್ಲ. ಮೊಬೈಲ್ ನಿಲ್ಲಿಸಿದಾಗ ಅಳು ಇಳಿಯುವ ಮೊದಲು ಕೆಲವು ದಿನ ಏರಬಹುದು. ಆ ಏರಿನಲ್ಲಿ ಸೋತು ಕೊಟ್ಟರೆ, ಹೆಚ್ಚು ಹೊತ್ತು ಅತ್ತರೆ ಫಲವುಂಟೆಂದು ನಾವೇ ಕಲಿಸಿದಂತಾಗುತ್ತದೆ. ನಿಲ್ಲಿಸುವ ಮುನ್ನ ಮನೆಯ ಅಜ್ಜಿಯನ್ನೂ ಒಪ್ಪಿಸಿಕೊಳ್ಳಿ. ಒಬ್ಬರು ನಿರಾಕರಿಸಿ ಇನ್ನೊಬ್ಬರು ಕೊಟ್ಟರೆ ಅಳು ಬಹುಕಾಲ ಬಾಳುತ್ತದೆ.

ಶಿಕ್ಷೆಯನ್ನು ನಾನು ಈ ಕೆಲಸದಿಂದ ಸಂಪೂರ್ಣ ದೂರವಿಟ್ಟಿದ್ದೇನೆ. ಶಿಕ್ಷೆ ಬೇಡದ ವರ್ತನೆಯನ್ನು ತಡೆಯಬಹುದು, ಬೇಕಾದ ವರ್ತನೆಯನ್ನು ಅದು ಕಲಿಸುವುದಿಲ್ಲ. ತಪ್ಪಿದ ಪದವನ್ನು ಐವತ್ತು ಸಲ ಬರೆಸಿದರೆ ಕನ್ನಡ ಬರೆಯುವುದೇ ಶಿಕ್ಷೆಯಾಗಿಬಿಡುತ್ತದೆ, ಮತ್ತು ಈ ಊರಿನಲ್ಲಿ ಕನ್ನಡವಿಲ್ಲದೆ ದಿನ ಕಳೆಯುವುದು ಮಗುವಿಗೆ ಬಹಳ ಸುಲಭ.

ಕೊನೆಗೆ ಒಂದು ಎಚ್ಚರಿಕೆ. 1973ರಲ್ಲಿ ಪ್ರಕಟವಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳ ಪ್ರಯೋಗದಲ್ಲಿ, ಇಷ್ಟಪಟ್ಟು ಚಿತ್ರ ಬರೆಯುತ್ತಿದ್ದ ಮಕ್ಕಳಿಗೆ ಮೊದಲೇ ಬಹುಮಾನದ ಮಾತು ಕೊಟ್ಟು ಬರೆಸಿದ ಮೇಲೆ, ಅವರು ತಾವಾಗಿ ಚಿತ್ರಕ್ಕೆ ಕೂರುವುದು ಕಡಿಮೆಯಾಯಿತು. ಊರಿನಿಂದ ಬಂದ ಮದುವೆಯ ಕರೆಯೋಲೆಯನ್ನು ಮಗು ತಾನಾಗಿ ಎತ್ತಿಕೊಂಡು ಅಕ್ಷರ ಕೂಡಿಸಿ ಓದತೊಡಗಿದರೆ, ಆಗ ಬಹುಮಾನದ ಮಾತೆತ್ತದೆ, ಯಾರ ಮದುವೆಯೆಂದು ಕೇಳಿ ಪಕ್ಕದಲ್ಲಿ ಕುಳಿತುಕೊಳ್ಳಿ.