ಶಾಲೆ ಶುರುವಾಗುವ ಮುನ್ನವೇ ಫ್ಲೂ ಲಸಿಕೆ ವಿಚಾರಿಸಿ

ಪುಟ್ಟ ಮಕ್ಕಳಿರುವವರು ದಯವಿಟ್ಟು ಗಮನಿಸಿ. ಫ್ಲೂ ಬರೀ ಚಳಿಗಾಲದ ಕಾಯಿಲೆಯಲ್ಲ. ನಮ್ಮ ದೇಶದಲ್ಲಿ ಅದು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲ ಮತ್ತು ಅದು ಮುಗಿಯುವ ಹೊತ್ತಿಗೆ ಇನ್ನೊಮ್ಮೆ. ಜಡಿಮಳೆಯ ದಿನ ತರಗತಿಯ ಕಿಟಕಿಗಳನ್ನೆಲ್ಲ ಮುಚ್ಚಿ, ಒಂದೇ ಬೆಂಚಿನಲ್ಲಿ ನಾಲ್ವರು ಕೆಮ್ಮುತ್ತ ಕುಳಿತರೆ ವೈರಸ್‌ಗೆ ಇನ್ನೇನು ಬೇಕು?

ಆದ್ದರಿಂದ ಬೇಸಿಗೆ ರಜೆಯಲ್ಲೇ ಮಕ್ಕಳ ವೈದ್ಯರನ್ನು ಕೇಳಿ. 6 ತಿಂಗಳು ತುಂಬಿದ ಮೇಲೆ ಲಸಿಕೆ ಹಾಕಿಸಬಹುದು. 9 ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ 4 ವಾರಗಳ ಅಂತರದಲ್ಲಿ 2 ಡೋಸ್ ಬೇಕು. ರಕ್ಷಣೆ ಕೂಡಿಬರಲು ಮತ್ತೆ ಸುಮಾರು 2 ವಾರ. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಪ್ರತಿ ವರ್ಷವೂ ಹಾಕಿಸಬೇಕು. ಖರ್ಚಿನ ಬಾಬತ್ತು ನಿಜ, ಆದರೆ ಆಸ್ತಮಾ ಅಥವಾ ಹೃದಯದ ತೊಂದರೆ ಇರುವ ಮಗುವಿಗಂತೂ ತಪ್ಪಿಸಬೇಡಿ.

ಜ್ವರ ಬಂದಾಗ ಆಸ್ಪಿರಿನ್ ಬೇಡವೇ ಬೇಡ. ಹಿಂದಿನ ಸಲ ಉಳಿದ ಆಂಟಿಬಯಾಟಿಕ್ ಬಾಟಲಿಯೂ ಬೇಡ, ಅದು ವೈರಸ್ಸನ್ನು ಕೊಲ್ಲುವುದಿಲ್ಲ. ಮಗುವಿನ ಅಂಗಿ ಎತ್ತಿ ನೋಡಿ: ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ಅಥವಾ ಮಗು ಹಾಲು ನೀರು ಏನನ್ನೂ ಕುಡಿಯದೆ ಮಂಕಾಗಿ ಮಲಗಿದ್ದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.